ತಾವರೆಗೂ ನೈದಿಲೆಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ತೊಟ್ಟಿಗೆ ತಾವರೆ ಎಂದು ಹೇಳಿ ಕೊಟ್ಟ ಗಿಡವನ್ನು ಹಾಕಿದ್ದೇವೆ. ಎಲೆ ನೀರಿನ ಮೇಲೆ ತೇಲುತ್ತದೆ, ಅದರಲ್ಲೊಂದು ಸೀಳು ಇದೆ. ಹೂ ತಿಳಿ ನೀಲಿ. ಇದು ನೈದಿಲೆ ಎಂದು ಕೆಲವರು, ಎರಡೂ ಒಂದೇ ಕುಟುಂಬ ಬಿಡಿ ಎಂದು ಇನ್ನು ಕೆಲವರು. ಹಳೆಯ ಸಸ್ಯಶಾಸ್ತ್ರದ ಪುಸ್ತಕದಲ್ಲೂ ಎರಡನ್ನೂ ಒಟ್ಟಿಗೇ ಇಟ್ಟಿದ್ದಾರೆ. ಆದರೆ ಇವಕ್ಕೆ ಸಂಬಂಧವೇ ಇಲ್ಲ ಎಂದೂ ಓದಿದ್ದೇನೆ. ಯಾವುದು ಸರಿ? ಹೂವಿಲ್ಲದಾಗ ಗುರುತು ಹಿಡಿಯುವುದು ಹೇಗೆ? ಎರಡನ್ನೂ ಕ್ರಾಸ್ ಮಾಡಿ ನೀಲಿ ತಾವರೆ ಪಡೆಯಬಹುದೇ? ಒಂದೇ ತೊಟ್ಟಿಯಲ್ಲಿ ಎರಡೂ ಬೆಳೆಯುತ್ತವೆಯೇ?

ಉತ್ತರ: ನಿಮ್ಮ ತೊಟ್ಟಿಯಲ್ಲಿರುವುದು ನೈದಿಲೆ. ಎಲೆಯ ಸೀಳೊಂದೇ ಸಾಕು ಅದನ್ನು ಹೇಳಲು. ಹೂವಿನ ನೀಲಿ ಬಣ್ಣ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ನೀವು ಕೊಟ್ಟ ವಿವರ ನೋಡಿದರೆ ಅದು ನಿಂಫಿಯಾ ನೌಚಾಲಿ ಎಂಬ ಪ್ರಭೇದ ಇರಬೇಕು, ಇಲ್ಲವೇ ಅದರ ಹತ್ತಿರದ ಯಾವುದೋ ತಳಿ. ತಾವರೆಯ ಶಾಸ್ತ್ರೀಯ ಹೆಸರು ನೆಲಂಬೊ ನ್ಯೂಸಿಫೆರಾ. ಇವೆರಡೂ ಒಂದೇ ಕುಟುಂಬದವಲ್ಲ. ಅಕ್ಕಪಕ್ಕದ ಕುಟುಂಬದವೂ ಅಲ್ಲ. ಸಂಬಂಧವೇ ಇಲ್ಲ ಎಂದು ನೀವು ಓದಿದ್ದು ಸತ್ಯಕ್ಕೆ ಬಹಳ ಹತ್ತಿರ ಇದೆ. ಒಂದೇ ಕೆಸರು, ಒಂದೇ ನೀರು, ಒಂದೇ ಥರ ಕಾಣುವ ಹೂ. ಆದರೂ ಹೂ ಬಿಡುವ ಗಿಡಗಳಲ್ಲಿ ಇವಕ್ಕಿಂತ ದೂರದ ಜೋಡಿಯನ್ನು ಹುಡುಕುವುದು ಕಷ್ಟ.

ಗುರುತು ಹಿಡಿಯುವ ವಿಚಾರವನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭ. ಎಲೆಯನ್ನು ಮಗುಚಿ, ತೊಟ್ಟು ಎಲ್ಲಿ ಸೇರಿದೆ ನೋಡಿ. ತಾವರೆಯಲ್ಲಿ ತೊಟ್ಟು ಎಲೆಯ ನಟ್ಟನಡುವೆ ಸೇರುತ್ತದೆ. ಎಲೆ ಪೂರ್ತಿ ದುಂಡು, ಅಂಚಿನಿಂದ ಒಳಕ್ಕೆ ಸೀಳಿರುವುದಿಲ್ಲ. ನೈದಿಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೂ ಒಂದು ಸೀಳು ಬಂದಿರುತ್ತದೆ. ಆಮೇಲೆ ತೊಟ್ಟನ್ನು ಬೆರಳಿನಿಂದ ಸವರಿ. ತಾವರೆಯ ತೊಟ್ಟಿನ ಮೇಲೆ ಸಣ್ಣ ಸಣ್ಣ ಗಟ್ಟಿ ಮುಳ್ಳುಗಳಿರುತ್ತವೆ, ಕೈಗೆ ತರಿತರಿ ಎನ್ನಿಸುತ್ತದೆ. ನಿಮ್ಮ ನೈದಿಲೆಯ ತೊಟ್ಟು ನುಣುಪಾಗಿರುತ್ತದೆ. ಎಲೆಯ ಅಡಿಭಾಗ ನೇರಳೆ ಛಾಯೆಯಲ್ಲಿದ್ದರೆ ಅದೂ ನೈದಿಲೆಯ ಕಡೆಗೇ ಬೆರಳು ತೋರಿಸುತ್ತದೆ. ತಾವರೆ ಎಲೆಯ ಅಡಿ ತಿಳಿ ಹಸಿರು.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟವಾದದ್ದು. ತಾವರೆಯ ಒಂದು ಹಳೆಯ ತೊಟ್ಟನ್ನು ಮುರಿದು ಎರಡು ತುಂಡನ್ನೂ ಮೆಲ್ಲಗೆ ಎಳೆಯಿರಿ. ನಡುವೆ ಜೇಡರ ಬಲೆಯಂಥ ಎಳೆಗಳು ಬರುತ್ತವೆ. ಗಿಡದೊಳಗೆ ನೀರು ಸಾಗಿಸುವ ನಾಳಗಳ ಗೋಡೆಯಲ್ಲಿ ಸುರುಳಿಯಾಗಿ ಸುತ್ತಿಕೊಂಡಿದ್ದ ದಾರಗಳವು. ಮುರಿದಾಗ ಸುರುಳಿ ಬಿಚ್ಚಿಕೊಂಡು ಉದ್ದವಾಗುತ್ತದೆ. ನೈದಿಲೆಯಲ್ಲಿ ಈ ಥರ ಎಳೆಗಳ ಗೊಂಚಲು ಬರುವುದಿಲ್ಲ.

ಎಲೆ ತೇಲುತ್ತಿದೆಯೋ ಎದ್ದು ನಿಂತಿದೆಯೋ ಎಂಬುದನ್ನು ಮಾತ್ರ ನೆಚ್ಚಬೇಡಿ. ಬಹಳ ಜನ ಎಡವುವುದು ಅಲ್ಲೇ. ದೊಡ್ಡದಾದ ತಾವರೆ ಎಲೆ ನೀರಿನಿಂದ ಒಂದು ಮೀಟರ್‌ಗೂ ಜಾಸ್ತಿ ಮೇಲೆ ನಿಲ್ಲಬಹುದು, ನಿಜ. ಆದರೆ ಎಳೆಯ ತಾವರೆ ಗಿಡದ ಮೊದಲ ಎಲೆಗಳು ನೀರಿನ ಮೇಲೆ ತೇಲುತ್ತವೆ. ಇತ್ತ ನೈದಿಲೆ ಗಿಡ ದಟ್ಟವಾಗಿ ಬೆಳೆದು ಜಾಗ ಸಾಲದೆ ಹೋದರೆ ಅದರ ಎಲೆಗಳೂ ನೀರಿನಿಂದ ಮೇಲಕ್ಕೆ ಏಳುತ್ತವೆ. ಸೀಳಿನ ಗುರುತಿಗೂ ಒಂದು ಮಿತಿ ಇದೆ. ನೈದಿಲೆಯ ಕುಟುಂಬದಲ್ಲೇ ವಿಕ್ಟೋರಿಯಾ ಎಂಬ ದೈತ್ಯ ಗಿಡ ಉಂಟು. ಅದರ ಎಲೆ ತಟ್ಟೆಯಂತೆ ಅಂಚು ಮಡಚಿಕೊಂಡು ಪೂರ್ತಿ ದುಂಡಗಿರುತ್ತದೆ. ಅಗಲ ಎರಡು ಮೀಟರ್ ದಾಟುತ್ತದೆ, ಹಾಗಾಗಿ ತೊಟ್ಟಿಯಲ್ಲಿ ಅದನ್ನು ತಾವರೆ ಎಂದುಕೊಳ್ಳುವ ಭಯ ಇಲ್ಲ.

ಈಗ ನಂಟಿನ ಪ್ರಶ್ನೆ. ಹೂ ಬಿಡುವ ಗಿಡಗಳೆಲ್ಲವನ್ನೂ ಸೇರಿಸಿ ಒಂದು ವಂಶವೃಕ್ಷ ಬರೆದರೆ ಬುಡದಲ್ಲಿ ಮೊದಲು ಬೇರೆಯಾಗುವ ಕವಲು ಅಂಬೊರೆಲ್ಲಾ. ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯುವ ಪೊದೆ ಅದು, ಆ ಕವಲಿನಲ್ಲಿ ಉಳಿದಿರುವುದು ಅದೊಂದೇ ಪ್ರಭೇದ. ಅದರ ನಂತರ ಬೇರೆಯಾಗುವ ಕವಲೇ ನೈದಿಲೆಗಳದು. ಮಿಕ್ಕೆಲ್ಲ ಗಿಡಗಳು ಇವೆರಡೂ ಬೇರೆಯಾದ ಮೇಲೆ ಕವಲೊಡೆದವು. ಹುಲ್ಲು, ಭತ್ತ, ತೆಂಗು, ಮೆಣಸು, ಸಂಪಿಗೆ, ಮಾವು, ದಾಸವಾಳ, ಸೂರ್ಯಕಾಂತಿ ಎಲ್ಲವೂ ಆ ದೊಡ್ಡ ಗುಂಪಿನವೇ. ತಾವರೆ ಕೂಡ ಅಲ್ಲಿಯದೇ.

ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಿ. ತಾವರೆಗೆ ನೈದಿಲೆಗಿಂತ ಭತ್ತದ ಪೈರು ಹತ್ತಿರದ ನೆಂಟ. ತೆಂಗಿನ ಮರ ಹತ್ತಿರದ ನೆಂಟ. ದಾಸವಾಳವಂತೂ ಇನ್ನೂ ಹತ್ತಿರ. ನೈದಿಲೆಯ ಕಡೆಯಿಂದ ನೋಡಿದರೆ ತಾವರೆ, ಹುಲ್ಲು, ಮಾವು ಎಲ್ಲವೂ ಒಂದೇ ದೂರದಲ್ಲಿವೆ. ಪಕ್ಕದಲ್ಲೇ ಅರಳಿ ನಿಂತಿದೆ ಎಂದು ತಾವರೆಗೆ ಅಲ್ಲಿ ಯಾವ ವಿಶೇಷ ಸ್ಥಾನವೂ ಇಲ್ಲ.

ಹಾಗಾದರೆ ತಾವರೆಯ ಸ್ವಂತ ಬಳಗ ಯಾವುದು? ಇಲ್ಲೇ ನಿಜವಾದ ಆಶ್ಚರ್ಯ ಕಾದಿದೆ. ಅದು ಪ್ರೋಟಿಯೇಲ್ಸ್ ಎಂಬ ಗಣಕ್ಕೆ, ಅಂದರೆ ಕುಟುಂಬಗಳ ಗುಂಪಿಗೆ, ಸೇರುತ್ತದೆ. ಆ ಗಣದಲ್ಲಿ ಮೇಪಲ್ ಎಲೆಯನ್ನು ನೆನಪಿಸುವ ಎಲೆಗಳ ಪ್ಲೇನ್ ಮರವಿದೆ. ಮಕಡೇಮಿಯಾ ಮರವಿದೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಇದೆ. ಒಣ ನೆಲದಲ್ಲಿ ನೆಟ್ಟಗೆ ಬೆಳೆದು ನಿಲ್ಲುವ, ಕಡ್ಡಿಯಂಥ ಕಿತ್ತಳೆ ಹೂ ಬಿಡುವ ಸಿಲ್ವರ್ ಓಕ್ ತಾವರೆಯ ಬಳಗದ ಮರ! ಕಣ್ಣಿಗೆ ಒಂದು ಹೋಲಿಕೆಯೂ ಸಿಗುವುದಿಲ್ಲ. ತಾವರೆಯ ಕವಲು ಈ ಮರಗಳಿಂದ ಬೇರೆಯಾಗಿ 10 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಅಷ್ಟು ಕಾಲದಲ್ಲಿ ನೀರು ಅದನ್ನು ಪೂರಾ ಬದಲಿಸಿಬಿಟ್ಟಿದೆ. ತಾವರೆಯ ಕುಟುಂಬದಲ್ಲಿ ಇಂದು ಉಳಿದಿರುವುದು ಎರಡೇ ಪ್ರಭೇದ. ಒಂದು ನಮಗೆಲ್ಲ ಗೊತ್ತಿರುವ ಏಷ್ಯಾದ ತಾವರೆ, ಉತ್ತರ ಆಸ್ಟ್ರೇಲಿಯಾದಲ್ಲೂ ಅದು ಬೆಳೆಯುತ್ತದೆ. ಇನ್ನೊಂದು ಉತ್ತರ ಅಮೆರಿಕದ ಹಳದಿ ತಾವರೆ, ನೆಲಂಬೊ ಲೂಟಿಯಾ.

ನಿಮ್ಮ ಹಳೆಯ ಪುಸ್ತಕವನ್ನು ದೂರಬೇಡಿ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಗಿಡಗಳಿಗೆ ಹೆಸರಿಟ್ಟಾಗ ತಾವರೆಯನ್ನು ನೈದಿಲೆಯ ಕುಲದಲ್ಲೇ ಸೇರಿಸಿದ್ದ, ನಿಂಫಿಯಾ ನೆಲಂಬೊ ಎಂದು. 1788ರಲ್ಲಿ ಗೇರ್ಟ್ನರ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಇವತ್ತು ನಾವು ಬಳಸುವ ಹೆಸರು ಕೊಟ್ಟ. ಅವನು ಕಾಯಿ, ಬೀಜಗಳನ್ನು ಬಿಡಿಸಿ ನೋಡುವುದರಲ್ಲಿ ನಿಪುಣ. ಕುಲ ಬೇರೆಯಾಯಿತು, ಆದರೆ ನೆಂಟಸ್ತಿಕೆ ಕಡಿಯಲಿಲ್ಲ. 1981ರಲ್ಲಿ ಆರ್ಥರ್ ಕ್ರಾಂಕ್ವಿಸ್ಟ್ ಪ್ರಕಟಿಸಿದ ವರ್ಗೀಕರಣ ಬಹುಕಾಲ ಪಠ್ಯಪುಸ್ತಕಗಳಿಗೆ ಆಧಾರವಾಗಿತ್ತು. ಅದರಲ್ಲೂ ತಾವರೆ ಪ್ರತ್ಯೇಕ ಕುಟುಂಬವಾದರೂ ನೈದಿಲೆಯ ಗಣದಲ್ಲೇ ಇತ್ತು. 1993ರಲ್ಲಿ ಮಾರ್ಕ್ ಚೇಸ್ ಮತ್ತು ಸಂಗಡಿಗರು, ಒಟ್ಟು 42 ಮಂದಿ, ಸುಮಾರು 500 ಗಿಡಗಳ ಒಂದು ಜೀನನ್ನು ಹೋಲಿಸಿ ನೋಡಿದರು. ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವಕ್ಕೆ ಸಂಬಂಧಿಸಿದ ಜೀನ್ ಅದು. ತಾವರೆ ಹೋಗಿ ಪ್ಲೇನ್ ಮರದ ಪಕ್ಕ ಕೂತಿತು. 1998ರಲ್ಲಿ ಬಂದ ಹೊಸ ವರ್ಗೀಕರಣ ಅದನ್ನು ಅಲ್ಲೇ ಖಾಯಂ ಮಾಡಿತು. 2013ರಲ್ಲಿ ತಾವರೆಯ ಪೂರ್ತಿ ಜೀನೋಮ್ (ಎಲ್ಲ ಜೀನ್‌ಗಳ ನಕ್ಷೆ), 2020ರಲ್ಲಿ ನಿಂಫಿಯಾ ಕೊಲೊರಾಟಾ ಎಂಬ ನೀಲಿ ನೈದಿಲೆಯ ಜೀನೋಮ್ ಪ್ರಕಟವಾದವು. ಎರಡೂ ಆ ಚಿತ್ರವನ್ನೇ ಎತ್ತಿ ಹಿಡಿದವು.

ಜೀನ್ ಎಂದ ಕೂಡಲೇ ಇದೆಲ್ಲ ಪ್ರಯೋಗಾಲಯದ ಮಾತು, ಕಣ್ಣಿಗೆ ಕಾಣದ್ದು ಎನ್ನಿಸಬಹುದು. ಹಾಗಲ್ಲ. ಒಂದು ಸಾಧಾರಣ ಸೂಕ್ಷ್ಮದರ್ಶಕ ಸಿಕ್ಕರೆ ನೀವೇ ನೋಡಬಹುದಾದ ಸಾಕ್ಷಿ ಇದೆ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಚೆಂದದ ಸಾಕ್ಷಿ. ಅದು ಪರಾಗದ ಕಣ.

ಪರಾಗದ ಕಣದ ಹೊರಕವಚ ಬಹಳ ಗಟ್ಟಿ. ಒಳಗಿನಿಂದ ನಳಿಕೆ ಹೊರಬರಲು ಅದರಲ್ಲಿ ತೆಳುವಾದ ಜಾಗಗಳಿರುತ್ತವೆ. ನೈದಿಲೆಯ ಕಣದಲ್ಲಿ ಅಂಥದ್ದು ಒಂದೇ, ಕಣವನ್ನು ಸುತ್ತುವರಿದ ಉಂಗುರದ ಹಾಗೆ. ತಾವರೆಯ ಕಣದಲ್ಲಿ ಸಾಮಾನ್ಯವಾಗಿ ಮೂರು ಗೀರುಗಳಿರುತ್ತವೆ. ಇಂದಿನ ಹೂಗಿಡಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಮೂರು ಗೀರಿನ ವಂಶದವು. ಮಾವು, ಹುರುಳಿ, ಗುಲಾಬಿ ಎಲ್ಲ ಅಲ್ಲಿ ಬರುತ್ತವೆ. ಇವನ್ನೇ ಇಂದು ನಿಜವಾದ ದ್ವಿದಳ ಸಸ್ಯಗಳು ಎನ್ನುತ್ತಾರೆ. ನೈದಿಲೆ ಆ ಗುಂಪಿನಲ್ಲಿಲ್ಲ, ಏಕದಳದಲ್ಲೂ ಇಲ್ಲ. ಅದು ಈ ಎರಡೂ ಗುಂಪುಗಳಿಗಿಂತ ಹಿಂದೆಯೇ ಬೇರೆಯಾದದ್ದು.

ಇದರಿಂದ ಕಾಲದ ಲೆಕ್ಕವೂ ಸಿಗುತ್ತದೆ. ಪರಾಗದ ಕವಚ ಕೊಳೆಯದೆ ಬಂಡೆಯಲ್ಲಿ ಉಳಿಯುತ್ತದೆ. ಮೂರು ಗೀರಿನ ಪರಾಗ ಬಂಡೆಗಳಲ್ಲಿ ಸುಮಾರು 12.5 ಕೋಟಿ ವರ್ಷಗಳ ಹಿಂದಿನಿಂದ ಕಾಣಿಸಿಕೊಳ್ಳುತ್ತದೆ. ಅಂದರೆ ತಾವರೆಯ ಕಡೆಯ ವಂಶ ಅಷ್ಟು ಹೊತ್ತಿಗಾಗಲೇ ನೈದಿಲೆಯ ವಂಶದಿಂದ ಬೇರೆಯಾಗಿ ಬಹಳ ಕಾಲವಾಗಿತ್ತು. ಹೆಚ್ಚುಕಡಿಮೆ ಅದೇ ಕಾಲದ ನೈದಿಲೆ ಬಳಗದ ಹೂವಿನ ಪಳೆಯುಳಿಕೆ ಪೋರ್ಚುಗಲ್‌ನಲ್ಲಿ ಸಿಕ್ಕಿದೆ. ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದ ಕಾಲ ಅದು.

ಸಂಬಂಧ ಇಷ್ಟು ದೂರವಾದರೆ ಹೋಲಿಕೆ ಎಲ್ಲಿಂದ ಬಂತು? ನೀರಿನಿಂದ. ನೀರಿನಲ್ಲಿ ಬದುಕುವ ಗಿಡಕ್ಕೆ ಕಷ್ಟಗಳು ಬೇರೆ. ಕೆಸರಿನಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆ. ಬೇರಿಗೆ ಉಸಿರು ಬೇಕಾದರೆ ಮೇಲಿನಿಂದಲೇ ಇಳಿಯಬೇಕು. ಅದಕ್ಕೇ ಎರಡೂ ಗಿಡಗಳ ತೊಟ್ಟಿನಲ್ಲಿ ಉದ್ದಕ್ಕೂ ಗಾಳಿಯ ಕೊಳವೆಗಳಿವೆ. ಅಡ್ಡ ಕತ್ತರಿಸಿ ನೋಡಿದರೆ ತೂತುಗಳು ಕಾಣುತ್ತವೆ. ಎಲೆಯ ಅಡಿಭಾಗ ನೀರಿಗೆ ತಾಗಿದ್ದರೆ ಅಲ್ಲಿ ಪತ್ರರಂಧ್ರ, ಅಂದರೆ ಎಲೆಗೆ ಗಾಳಿಯಾಡುವ ಸಣ್ಣ ತೂತು, ಇದ್ದು ಪ್ರಯೋಜನವಿಲ್ಲ. ಹಾಗಾಗಿ ಎರಡರಲ್ಲೂ ರಂಧ್ರಗಳು ಮೇಲ್ಮೈಗೆ ಬಂದಿವೆ. ನೆಲದ ಗಿಡಗಳಲ್ಲಿ ಅವು ಹೆಚ್ಚಾಗಿ ಅಡಿಯಲ್ಲಿರುತ್ತವೆ. ಕೆಸರಲ್ಲಿ ಹೂತ ದಪ್ಪ ಕಾಂಡ, ಅಗಲ ಎಲೆ, ನೀರಿನ ಮೇಲೆ ಒಂಟಿಯಾಗಿ ನಿಲ್ಲುವ ದೊಡ್ಡ ಹೂ, ಇವೆಲ್ಲ ಅದೇ ಕಷ್ಟಗಳಿಗೆ ಎರಡು ವಂಶಗಳು ಬೇರೆ ಬೇರೆಯಾಗಿ ಕಂಡುಕೊಂಡ ಒಂದೇ ಉತ್ತರ.

ಆದರೆ ಉತ್ತರದ ಒಳಗುಟ್ಟು ನೋಡಿ, ಅಲ್ಲಿ ಬೇರೆ ಬೇರೆ. ನೈದಿಲೆಯ ಕುಟುಂಬದ ಹಳದಿ ಹೂವಿನ ನೂಫರ್ ಎಂಬ ಗಿಡದಲ್ಲಿ ಗಾಳಿ ಹೇಗೆ ಓಡಾಡುತ್ತದೆ ಎಂಬುದನ್ನು ಜಾನ್ ಡೇಸಿ 1980ರಲ್ಲಿ ತೋರಿಸಿದರು. ಎಳೆಯ ಎಲೆಗಳು ಬಿಸಿಲಿಗೆ ಕಾದಾಗ ಒಳಗೆ ಒತ್ತಡ ಹೆಚ್ಚುತ್ತದೆ. ಗಾಳಿ ಅವುಗಳ ತೊಟ್ಟಿನಲ್ಲಿ ಇಳಿದು, ಕೆಸರಿನ ಕಾಂಡವನ್ನು ಹಾದು, ಹಳೆಯ ಎಲೆಗಳ ಮೂಲಕ ಹೊರಬೀಳುತ್ತದೆ. ತಾವರೆಯಲ್ಲಿ ಗಾಳಿ ಹೊರಹೋಗುವ ಬಾಗಿಲು ಪ್ರತಿ ಎಲೆಯ ನಡುವೆಯೇ ಇದೆ. ತೊಟ್ಟು ಸೇರುವ ಜಾಗದ ಮೇಲ್ಗಡೆ ತಿಳಿ ಬಣ್ಣದ ಒಂದು ಪುಟ್ಟ ಮಚ್ಚೆ ಕಾಣುತ್ತದಲ್ಲ, ಅದೇ. ಅಲ್ಲಿನ ಪತ್ರರಂಧ್ರಗಳು ಎಲೆಯ ಬೇರೆ ಕಡೆಯವಕ್ಕಿಂತ ದೊಡ್ಡವು. ಬಿಸಿಲು ಚೆನ್ನಾಗಿರುವಾಗ ಆ ಮಚ್ಚೆಯ ಮೇಲೆ ಸ್ವಲ್ಪ ನೀರು ನಿಂತರೆ ಗುಳ್ಳೆಗಳು ಏಳುವುದನ್ನು ನೋಡಬಹುದು.

ಎಲೆಯ ಮೇಲ್ಮೈಯೂ ಹಾಗೇ. ತಾವರೆ ಎಲೆಗೆ ನೀರು ಅಂಟದೆ ಇರುವುದು ಎಲ್ಲರಿಗೂ ಗೊತ್ತು. 1997ರಲ್ಲಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹೌಸ್ ಇದರ ಕಾರಣವನ್ನು ವಿವರವಾಗಿ ಬರೆದರು. ಎಲೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಉಬ್ಬಿನ ಮೇಲೆ ಮೇಣದ ಅತಿ ಸಣ್ಣ ಕೊಳವೆಗಳಿವೆ. ಹನಿ ಉಬ್ಬಿನ ತುದಿಗಳ ಮೇಲೆ ಮಾತ್ರ ಕೂರುತ್ತದೆ, ಕೆಳಗೆಲ್ಲ ಗಾಳಿ. ಎಲೆ ಒಂಚೂರು ವಾಲಿದರೂ ಹನಿ ದೂಳನ್ನೂ ಎತ್ತಿಕೊಂಡು ಉರುಳಿ ಹೋಗುತ್ತದೆ. ನೈದಿಲೆ ಎಲೆಯ ಮೇಲೂ ನೀರು ಪೂರ್ತಿ ಹರಡುವುದಿಲ್ಲ, ಆದರೆ ಹನಿ ಈ ಥರ ಉರುಳಿ ಓಡುವುದೂ ಇಲ್ಲ. ಎರಡೂ ಎಲೆಗಳ ಮೇಲೆ ಒಂದೊಂದು ಹನಿ ಬಿಟ್ಟು ನೋಡಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಹೂವಿನೊಳಗೆ ಹೋದರೆ ಎರಡರ ವಂಶ ಎಷ್ಟು ಬೇರೆ ಎಂಬುದು ಬಿಚ್ಚಿಕೊಳ್ಳುತ್ತದೆ. ತಾವರೆಯ ನಡುವೆ ಬುಗುರಿಯ ಆಕಾರದ ಹಳದಿ ಪೀಠವಿದೆ. ಅದರ ಚಪ್ಪಟೆ ತಲೆಯಲ್ಲಿ ಗುಳಿಗಳು, ಒಂದೊಂದು ಗುಳಿಯಲ್ಲಿ ಒಂದೊಂದು ಅಂಡಾಶಯ. ಒಂದಕ್ಕೊಂದು ಅಂಟಿಕೊಂಡಿಲ್ಲ. ಪ್ರತಿಯೊಂದೂ ಒಂದೇ ಬೀಜದ ಗಟ್ಟಿ ಕಾಯಾಗುತ್ತದೆ. ನೈದಿಲೆಯಲ್ಲಿ ಅಂಡಾಶಯದ ಭಾಗಗಳೆಲ್ಲ ಉಂಗುರವಾಗಿ ಒಂದಕ್ಕೊಂದು ಕೂಡಿಕೊಂಡಿವೆ. ಮೇಲೆ ಬಟ್ಟಲಿನಂಥ ಶಲಾಕಾಗ್ರ, ಅಂದರೆ ಪರಾಗ ಬಂದು ಸೇರುವ ಜಾಗ. ಒಂದು ಕಾಯಿಯಲ್ಲಿ ಬೀಜಗಳು ಲೆಕ್ಕವಿಲ್ಲದಷ್ಟು.

ಆ ಬಟ್ಟಲಿಗೆ ಒಂದು ಕೆಲಸವಿದೆ. ನೈದಿಲೆ ಹೂ ಅರಳಿದ ಮೊದಲ ದಿನ ಹೆಣ್ಣಾಗಿರುತ್ತದೆ. ಬಟ್ಟಲಿನ ತುಂಬ ಒಂದು ದ್ರವ ನಿಂತಿರುತ್ತದೆ. ಬೇರೆ ಹೂವಿನಿಂದ ಪರಾಗ ಹೊತ್ತು ಬಂದ ಜೇನ್ನೊಣವೋ ನೊಣವೋ ಅದರಲ್ಲಿ ಜಾರಿ ಬೀಳುತ್ತದೆ. ಮೈಮೇಲಿನ ಪರಾಗ ತೊಳೆದು ಹೋಗಿ ಹೂವಿಗೆ ಸೇರುತ್ತದೆ. ಕೆಲವು ಕೀಟಗಳು ಅಲ್ಲೇ ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನದಿಂದ ದ್ರವ ಒಣಗುತ್ತದೆ, ಕೇಸರಗಳು ಪರಾಗ ಬಿಡುತ್ತವೆ, ಹೂ ಗಂಡಾಗುತ್ತದೆ. ನಿಮ್ಮ ತೊಟ್ಟಿಯಲ್ಲಿ ಹೊಸದಾಗಿ ಅರಳಿದ ಹೂವಿನ ನಡುವೆ ಬೆಳಗ್ಗೆ ಇಣುಕಿ ನೋಡಿ, ಆ ದ್ರವ ಹೊಳೆಯುವುದು ಕಾಣುತ್ತದೆ.

ತಾವರೆಯೂ ಮೊದಲು ಹೆಣ್ಣು, ಆಮೇಲೆ ಗಂಡು. ಕೀಟಗಳನ್ನು ಸೆಳೆಯುವ ಅದರ ಉಪಾಯ ಮಾತ್ರ ಬೇರೆ. ಅದು ಬಿಸಿಯಾಗುತ್ತದೆ! ಆಸ್ಟ್ರೇಲಿಯಾದ ರೋಜರ್ ಸೀಮೋರ್ ಮತ್ತು ಪಾಲ್ ಶುಲ್ಟ್ಸ್-ಮೋಟೆಲ್ 1996ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಸುತ್ತಲಿನ ಗಾಳಿ 10 ಡಿಗ್ರಿ ಇರಲಿ 30 ಡಿಗ್ರಿ ಇರಲಿ, ಹೂ ತನ್ನೊಳಗಿನ ಶಾಖವನ್ನು ಎರಡು ದಿನಕ್ಕೂ ಹೆಚ್ಚು ಕಾಲ 30ರಿಂದ 36 ಡಿಗ್ರಿ ಸೆಲ್ಸಿಯಸ್ ನಡುವೆ ಇಟ್ಟುಕೊಳ್ಳುತ್ತದೆ. ಚಳಿ ಹೆಚ್ಚಾದಷ್ಟೂ ಹೆಚ್ಚು ಶಾಖ ಹುಟ್ಟಿಸುತ್ತದೆ. ಪ್ರಾಣಿಗಳ ಹಾಗೆ ತನ್ನ ಬಿಸಿಯನ್ನು ತಾನೇ ಸರಿಹೊಂದಿಸಿಕೊಳ್ಳುವ ಹೂಗಳು ಬಹಳ ಕಡಿಮೆ. ಆ ಬಿಸಿಯಿಂದ ಸುವಾಸನೆ ಚೆನ್ನಾಗಿ ಹರಡುತ್ತದೆ, ಹೂವಿನೊಳಗೆ ರಾತ್ರಿ ಕಳೆಯುವ ದುಂಬಿಗಳಿಗೆ ಬೆಚ್ಚಗಿನ ಆಸರೆಯೂ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಮೇಲೆ ಹೇಳಿದ ವಿಕ್ಟೋರಿಯಾದ ಹೂವೂ ಬಿಸಿಯಾಗುತ್ತದೆ. ಮೊದಲ ರಾತ್ರಿ ಬಿಳಿಯಾಗಿ ಅರಳಿ ದುಂಬಿಗಳನ್ನು ಒಳಗೆ ಹಿಡಿದಿಟ್ಟುಕೊಂಡು, ಎರಡನೆಯ ರಾತ್ರಿ ಗುಲಾಬಿ ಬಣ್ಣಕ್ಕೆ ತಿರುಗಿ ಅವನ್ನು ಹೊರಗೆ ಬಿಡುತ್ತದೆ. ನೋಡಿ, ತಾವರೆಯಂತೆ ಬಿಸಿಯಾಗುತ್ತದೆ, ಹಾಗಾಗಿ ನೆಂಟರು ಎಂದು ಹೇಳಿಬಿಡುವುದು ಎಷ್ಟು ಸುಲಭ ಅಲ್ವಾ? ದುಂಬಿಯನ್ನು ನೆಚ್ಚಿಕೊಂಡ ಹೂಗಳಲ್ಲಿ ಈ ಗುಣ ಹಲವು ವಂಶಗಳಲ್ಲಿ ಬೇರೆ ಬೇರೆಯಾಗಿ ಬಂದಿದೆ. ಬದುಕಿನ ಒತ್ತಡಕ್ಕೆ ಬೇಗ ಬದಲಾಗುವ ಗುಣಗಳನ್ನು ನೋಡಿ ನಂಟು ಹೇಳಬಾರದು. ಎಲೆ, ದಂಟು, ಎಸಳು, ಬಿಸಿ ಎಲ್ಲ ಆ ಥರದವು. ಪರಾಗದ ಗೀರು, ಬೀಜದೊಳಗಿನ ರಚನೆ ಇಂಥವಕ್ಕೆ ನೀರಿನ ಒತ್ತಡ ತಟ್ಟುವುದು ಕಡಿಮೆ. ಹಳೆಯ ವಂಶದ ಗುರುತು ಉಳಿಯುವುದು ಅಲ್ಲಿ.

ಬೀಜದ ವಿಷಯಕ್ಕೆ ಬಂದರೆ ಇನ್ನೂ ಆಳದ ವ್ಯತ್ಯಾಸ ಇದೆ. ಹೂಗಿಡಗಳಲ್ಲಿ ಭ್ರೂಣದ ಜೊತೆ ಅದಕ್ಕೆ ಊಟ ಕೊಡುವ ಎಂಡೋಸ್ಪರ್ಮ್ ಎಂಬ ಭಾಗ ಬೆಳೆಯುತ್ತದೆ. ತಾವರೆಯಲ್ಲೂ ಬಹುಪಾಲು ಹೂಗಿಡಗಳಲ್ಲೂ ಅದರ ಕೋಶಗಳಲ್ಲಿ ಜೀನ್‌ಗಳನ್ನು ಹೊತ್ತ ವರ್ಣತಂತುಗಳ ಮೂರು ಕಟ್ಟು, ಎರಡು ತಾಯಿಯಿಂದ, ಒಂದು ತಂದೆಯಿಂದ. ನೈದಿಲೆಯ ಬಳಗದಲ್ಲಿ ಎರಡೇ ಕಟ್ಟು. ಅಲ್ಲಿ ಊಟದ ಮುಖ್ಯ ಸಂಗ್ರಹವೂ ಎಂಡೋಸ್ಪರ್ಮ್‌ನಲ್ಲಿಲ್ಲ, ತಾಯಿ ಗಿಡದ್ದೇ ಆದ ಹೊರಪದರದಲ್ಲಿದೆ. ತಾವರೆ ಬೀಜದಲ್ಲಿ ಊಟವೆಲ್ಲ ದಪ್ಪನೆಯ ಎರಡು ಬೇಳೆಗಳಲ್ಲಿ ತುಂಬಿಕೊಂಡಿರುತ್ತದೆ. ಬೀಜವನ್ನು ಬಿಡಿಸಿದರೆ ನಡುವೆ ಒಂದು ಎಳೆ ಮೊಳಕೆ ಕಾಣುತ್ತದೆ, ಕಗ್ಗತ್ತಲಲ್ಲಿ ಮುಚ್ಚಿಕೊಂಡಿದ್ದರೂ ಹಸಿರಾಗಿಯೇ.

ಬೀಜ ಹರಡುವ ದಾರಿಯೂ ಬೇರೆ. ನೈದಿಲೆಯ ಹೂ ಬಾಡಿದ ಮೇಲೆ ಅದರ ದಂಟು ಬಾಗಿ ಕಾಯನ್ನು ನೀರಿನೊಳಗೆ ಎಳೆದುಕೊಳ್ಳುತ್ತದೆ. ಕಾಯಿ ಅಲ್ಲೇ ಮಾಗಿ ಒಡೆಯುತ್ತದೆ. ಪುಟ್ಟ ಬೀಜಗಳು ಗಾಳಿ ತುಂಬಿದ ಪದರದ ನೆರವಿನಿಂದ ಸ್ವಲ್ಪ ಕಾಲ ತೇಲಿ, ಆಮೇಲೆ ಮುಳುಗುತ್ತವೆ. ತಾವರೆಯ ಪೀಠ ಮೇಲೆಯೇ ಒಣಗಿ ತಲೆ ಬಾಗಿಸುತ್ತದೆ. ಕಲ್ಲಿನಷ್ಟು ಗಟ್ಟಿಯಾದ ಬೀಜಗಳು ನೇರ ಕೆಸರಿಗೆ ಇಳಿಯುತ್ತವೆ.

ಅಲ್ಲಿ ಅವು ಎಷ್ಟು ಕಾಲ ಕಾಯಬಲ್ಲವು ಗೊತ್ತೇ? ಈಶಾನ್ಯ ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ ತಾವರೆ ಬೀಜಗಳನ್ನು ಜೇನ್ ಶೆನ್-ಮಿಲ್ಲರ್ ಮತ್ತು ಸಂಗಡಿಗರು ಮೊಳಕೆ ಬರಿಸಿದರು. ಒಂದು ಬೀಜದ ಸಿಪ್ಪೆಯ ಚೂರನ್ನೇ ಕಾರ್ಬನ್ ಪರೀಕ್ಷೆಗೆ ಕೊಟ್ಟಾಗ ಅದರ ವಯಸ್ಸು ಸುಮಾರು 1,300 ವರ್ಷ ಎಂದು ಬಂತು. 1995ರಲ್ಲಿ ಇದು ಪ್ರಕಟವಾಯಿತು. ಜಪಾನಿನಲ್ಲಿ ಇಚಿರೊ ಓಗಾ 1951ರಲ್ಲಿ ನೆಲ ಅಗೆಸಿ ತೆಗೆದ ಬೀಜದ ಗಿಡ ಮರುವರ್ಷ ಹೂ ಬಿಟ್ಟಿತು. ಅದನ್ನು 2,000 ವರ್ಷ ಹಳೆಯದು ಎನ್ನುತ್ತಾರೆ, ಆದರೆ ಆ ವಯಸ್ಸನ್ನು ಅಂದಾಜು ಮಾಡಿದ್ದು ಅಲ್ಲಿ ಸಿಕ್ಕ ದೋಣಿಯ ಮರದಿಂದ. ನಾನು ಚೀನಾದ ಬೀಜದ ಲೆಕ್ಕವನ್ನೇ ಜಾಸ್ತಿ ನಂಬುತ್ತೇನೆ, ಅಲ್ಲಿ ಅಳೆದದ್ದು ಬೀಜದ ಸಿಪ್ಪೆಯನ್ನೇ. ಗಾಳಿ, ನೀರು ಒಳಹೋಗದ ಸಿಪ್ಪೆ ಈ ದೀರ್ಘಾಯುಷ್ಯಕ್ಕೆ ಒಂದು ಕಾರಣ. ಹಾಳಾದ ಪ್ರೋಟೀನುಗಳನ್ನು ಸರಿಪಡಿಸುವ ಕಿಣ್ವವೊಂದು ಅಷ್ಟು ಹಳೆಯ ಬೀಜದಲ್ಲೂ ಇನ್ನೂ ಕೆಲಸ ಮಾಡುತ್ತಿದ್ದದ್ದು ಕಂಡುಬಂದಿದೆ.

ಇನ್ನು ನೀಲಿ ತಾವರೆ. ಆಗುವುದಿಲ್ಲ. ತಾವರೆಯ ಕೋಶದಲ್ಲಿ ವರ್ಣತಂತುಗಳು 8 ಜೊತೆ, ಅಂದರೆ 16. ನೈದಿಲೆಗಳಲ್ಲಿ ಲೆಕ್ಕ 14ರ ಮೇಲೆ ನಿಂತಿದೆ. ಆದರೆ ಸಂಖ್ಯೆ ಇಲ್ಲಿ ಚಿಕ್ಕ ಅಡ್ಡಿ. ಒಂದರ ಪರಾಗ ಇನ್ನೊಂದರ ಶಲಾಕಾಗ್ರದ ಮೇಲೆ ಬಿದ್ದರೂ ಕಾಯಿ ಕಟ್ಟುವುದಿಲ್ಲ. 12 ಕೋಟಿಗೂ ಹೆಚ್ಚು ವರ್ಷ ಬೇರೆ ಬೇರೆ ದಾರಿ ಹಿಡಿದ ಎರಡು ವಂಶಗಳ ಜೀನ್‌ಗಳು ಕೂಡಿ ಒಂದು ಭ್ರೂಣ ಬೆಳೆಸಲಾರವು. ದಾಸವಾಳಕ್ಕೂ ತೆಂಗಿಗೂ ಕ್ರಾಸ್ ಮಾಡಲು ನೀವು ಹೊರಡುವುದಿಲ್ಲ ಅಲ್ವಾ? ಇಲ್ಲಿ ಅದಕ್ಕಿಂತಲೂ ದೂರ.

ಒಳಗಿನ ಬಳಗದಲ್ಲಿ ಮಾತ್ರ ಚೆನ್ನಾಗಿ ಕೂಡುತ್ತದೆ. ಏಷ್ಯಾದ ತಾವರೆಯನ್ನು ಅಮೆರಿಕದ ಹಳದಿ ತಾವರೆಯ ಜೊತೆ ಸೇರಿಸಿ ಕೆನೆ, ತಿಳಿ ಹಳದಿ ಬಣ್ಣದ ತಳಿಗಳನ್ನು ಪಡೆದಿದ್ದಾರೆ. ನೈದಿಲೆಗಳಲ್ಲಿ ಫ್ರಾನ್ಸಿನ ಲಾಟೂರ್-ಮಾರ್ಲಿಯಾಕ್ 19ನೇ ಶತಮಾನದ ಕೊನೆಯಲ್ಲಿ ಹೊಸ ಬಣ್ಣಗಳನ್ನು ತಂದು 1889ರ ಪ್ಯಾರಿಸ್ ಮೇಳದಲ್ಲಿ ಪ್ರದರ್ಶಿಸಿದರು. ಅವೆಲ್ಲ ನೈದಿಲೆಗೆ ನೈದಿಲೆಯನ್ನೇ ಕೂಡಿಸಿ ಪಡೆದವು. ತಾವರೆಯಲ್ಲಿ ಬಿಳಿ, ಗುಲಾಬಿ, ಕೆಂಪು, ಹಳದಿ ಛಾಯೆಗಳಿವೆ. ನೀಲಿ ಇಲ್ಲ. ಈಜಿಪ್ಟಿನ ನೀಲಿ ತಾವರೆ ಎಂದು ಹೇಳುವುದು ನಿಂಫಿಯಾ ಸೆರುಲಿಯಾ, ಅದೂ ನೈದಿಲೆಯೇ. ಹಾಗಾಗಿ ನೀಲಿ ತಾವರೆ ಬೀಜ ಎಂದು ಯಾರಾದರೂ ಮಾರಿದರೆ ಹಣ ಕೊಡಬೇಡಿ. ಚಿತ್ರದಲ್ಲಿ ಎಲೆಗೆ ಸೀಳಿದ್ದರೆ ಅದು ನೈದಿಲೆ. ಎಲೆ ದುಂಡಗಿದ್ದು ಹೂ ಕಡು ನೀಲಿ ಇದ್ದರೆ ಚಿತ್ರಕ್ಕೆ ಬಣ್ಣ ಹಾಕಿದ್ದಾರೆ. ಬೀಜ ನೋಡಿಯೂ ತಿಳಿಯಬಹುದು. ಬೆರಳ ತುದಿಯಷ್ಟು ದಪ್ಪ, ಗಟ್ಟಿ, ಕಪ್ಪು ಬೀಜ ತಾವರೆಯದು. ನೈದಿಲೆಯ ಬೀಜ ಬಹಳ ಸಣ್ಣದು.

ತಾವರೆ ಬೇಕೇ ಬೇಕೆನಿಸಿದರೆ ಆ ಗಟ್ಟಿ ಬೀಜದಿಂದಲೇ ಶುರು ಮಾಡಿ. ಸಿಪ್ಪೆಯನ್ನು ಒಂದು ಕಡೆ ಒಳಗಿನ ಬಿಳಿ ಕಾಣುವವರೆಗೆ ಅರದಿಂದ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ. ಕೆಲವೇ ದಿನಗಳಲ್ಲಿ ಮೊಳಕೆ ಬರುತ್ತದೆ. ಸುಮ್ನೆ ನೀರಿಗೆ ಹಾಕಿಟ್ಟರೆ ಬಹಳ ಕಾಲ ಹಾಗೇ ಕೂತಿರುತ್ತದೆ, ಸಾವಿರ ವರ್ಷ ಕಾಯಬಲ್ಲ ಬೀಜವಲ್ಲವೇ.

ಒಂದೇ ತೊಟ್ಟಿಯಲ್ಲಿ ಎರಡನ್ನೂ ಬೆಳೆಸಬಹುದು, ಆದರೆ ಒಂದೇ ಮಣ್ಣಿನಲ್ಲಿ ಬೇಡ. ತಾವರೆಯ ಕಾಂಡ ಕೆಸರಿನಲ್ಲಿ ಓಡುತ್ತಾ ಹೋಗುತ್ತದೆ. ಬಿಟ್ಟರೆ ತೊಟ್ಟಿಯನ್ನೆಲ್ಲ ಆಕ್ರಮಿಸಿ, ಎದ್ದ ಎಲೆಗಳ ನೆರಳಲ್ಲಿ ನೈದಿಲೆಯನ್ನು ಮುಚ್ಚಿಬಿಡುತ್ತದೆ. ನೈದಿಲೆಗೂ ದಿನಕ್ಕೆ ಐದಾರು ತಾಸು ಬಿಸಿಲು ಬೇಕು. ತಾವರೆಗೆ ತಳದಲ್ಲಿ ತೂತಿಲ್ಲದ, ಅಗಲವಾದ ಪಾತ್ರೆ ಕೊಟ್ಟು ಜೇಡಿಮಣ್ಣು ತುಂಬಿ. ಪಾತ್ರೆ ದುಂಡಗಿರಲಿ. ಚೌಕದ ಪಾತ್ರೆಯಲ್ಲಿ ಕಾಂಡದ ತುದಿ ಮೂಲೆಗೆ ಸಿಕ್ಕಿಕೊಂಡು ಕೊಳೆಯುತ್ತದೆ. ಎಳೆಯದಿರುವಾಗ ಮಣ್ಣಿನ ಮೇಲೆ ನೀರು ಕಡಿಮೆ ಇರಲಿ, ಎಲೆ ಎದ್ದ ಮೇಲೆ ಹೆಚ್ಚಿಸಿ. ಅಷ್ಟರವರೆಗೆ ಆ ಪಾತ್ರೆಯನ್ನು ತೊಟ್ಟಿಯೊಳಗೆ ಇಟ್ಟಿಗೆಯ ಮೇಲೆ ಎತ್ತರಿಸಿ ಇಟ್ಟರೆ ನೈದಿಲೆಗೆ ಬೇಕಾದ ಆಳವೂ ಉಳಿಯುತ್ತದೆ. ಕಾಂಡದ ತುದಿ ಪಾತ್ರೆಯ ಅಂಚು ದಾಟಿ ಹೊರಬರುತ್ತಿದ್ದರೆ ಮೆಲ್ಲಗೆ ಒಳಕ್ಕೆ ತಿರುಗಿಸಿ ಮಣ್ಣು ಮುಚ್ಚಿ. ಆ ತುದಿ ಮುರಿಯದಂತೆ ನೋಡಿಕೊಳ್ಳಿ, ಮುಂದಿನ ಎಲೆ, ಹೂ ಎಲ್ಲವೂ ಅಲ್ಲಿಂದಲೇ ಬರಬೇಕು.